ಮೂರು ಸಲ ತೊಳೆದ ಕೈ

ಆಗೆಲ್ಲ ನಮ್ಮೂರಿನಲ್ಲಿ ಆಷಾಢ ಕಳೆದು ದಸರೆ ಬರುವವರೆಗೆ ಯಾರ ಕೈಯೂ ಅವರವರ ಬಣ್ಣದಲ್ಲಿ ಇರುತ್ತಿರಲಿಲ್ಲ. ಹುಣಸೂರಿನಿಂದ ವೀರನಹೊಸಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಕಾಡು ಇನ್ನೂ ನಾಲ್ಕು ಮೈಲಿ ಇದೆ ಎನ್ನುವಾಗ ಬರುವ ಊರು ನಮ್ಮದು. ಅಲ್ಲಿ ಹೊಗೆಸೊಪ್ಪು ಬೆಳೆಯದ ಮನೆ ಕಡಿಮೆ. ಬೆಳೆಯದವರು ಬೆಳೆದವರ ಹೊಲಕ್ಕೆ ಸೊಪ್ಪು ಮುರಿಯಲು ಬರುತ್ತಿದ್ದರು. ಹಸಿ ಎಲೆಯ ಅಂಟು ಮೊದಲ ದಿನ ಕೈಮೇಲೆ ಹಳದಿಯಾಗಿ ಕೂರುತ್ತದೆ. ವಾರ ಕಳೆಯುವುದರೊಳಗೆ ಡಾಂಬರಿನಂತೆ ಕಪ್ಪಾಗುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಅಷ್ಟೇ, ಸೀಮೆಎಣ್ಣೆ ಹಚ್ಚಿದರೂ ಅಷ್ಟೇ. ಕೆಲಸ ನಿಂತ ಮೇಲೆ ಚರ್ಮ ತಾನಾಗಿ ಸವೆದು ಹೊಸದು ಬರಬೇಕು, ಅದಕ್ಕೆ ಒಂದು ತಿಂಗಳಾದರೂ ಬೇಕು.

ಆ ಅಂಟಿನದು ಭಾರೀ ಕಹಿ. ಮುದ್ದೆ ಮುರಿದು ಬಾಯಿಗಿಟ್ಟರೆ ಮೊದಲು ಸಿಗುವುದು ಬೆರಳಿನ ಕಹಿ, ಆಮೇಲೆ ಸಾರಿನ ರುಚಿ. ಗೌರಿಹಬ್ಬದ ಒಬ್ಬಟ್ಟೂ ನಮಗೆ ಕಹಿಯಿಂದಲೇ ಶುರುವಾಗುತ್ತಿತ್ತು. ಅವ್ವ ತುತ್ತು ಮಾಡಿ ತಿನ್ನಿಸಿದರೂ ಪ್ರಯೋಜನವಿರಲಿಲ್ಲ, ಅವಳ ಕೈ ನಮ್ಮದಕ್ಕಿಂತ ಕಪ್ಪು. ಹಾಗಂತ ಮಕ್ಕಳಾದ ನಮಗೆ ಅದು ದುಃಖದ ಸಂಗತಿಯೇನೂ ಆಗಿರಲಿಲ್ಲ. ಸೊಪ್ಪನ್ನು ಶಾಖಕ್ಕೆ ಒಣಗಿಸಿ ಬೇಯಿಸುವ ಬ್ಯಾರನ್ ಕಟ್ಟಡದ ಸುಣ್ಣದ ಗೋಡೆಗೆ ಅಂಗೈ ಒತ್ತಿ, ಯಾರ ಗುರುತು ಜಾಸ್ತಿ ಕಪ್ಪು ಎಂದು ನೋಡುವುದು ನಮ್ಮ ಆಟ. ಸೋತವರು ಮರುದಿನ ಬ್ಯಾರನ್ನಿನಲ್ಲಿ ತೂಗುಹಾಕುವ ಕಡ್ಡಿಗಳಲ್ಲಿ ಎರಡಕ್ಕೆ ಹೆಚ್ಚಿಗೆ ಸೊಪ್ಪು ಕಟ್ಟಿ ಕೈ ಕಪ್ಪು ಮಾಡಿಕೊಂಡು ಬರುತ್ತಿದ್ದರು. ನಾನು ಬಹಳ ಸಲ ಗೆದ್ದಿದ್ದೇನೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಹದವಾಗಿ ಹಿಡಿದು ಸೊಪ್ಪು ಒಂದರ ಹಿಂದೆ ಒಂದು ಬಂತು. ಸ್ಕೂಲಿನಿಂದ ಬಂದವಳೇ ಚೀಲ ಮೂಲೆಗೆ ಎಸೆದು ಕಡ್ಡಿಗೆ ಸೊಪ್ಪು ಕಟ್ಟಲು ಕೂರುತ್ತಿದ್ದೆ. ಒಂದು ಸಂಜೆ ನಿದ್ದೆ ತಡೆಯಲಾರದೆ ಕಡ್ಡಿಯ ಮೇಲೇ ಒರಗಿದಾಗ ಅಪ್ಪ ಪಕ್ಕಕ್ಕೆ ಬಂದು ಕೂತ.

"ಸೀಜನ್ ಮುಗೀಲಿ ಮಗ, ಮೈಸೂರ್ಗೆ ಕರ್ಕೊಂಡೋಯ್ತೀನಿ. ಫ್ಯಾನ್ ಕೆಳ್ಗೆ ಕುಂಡ್ರುಸಿ ಮಸಾಲೆ ದೋಸೆ ತಿನ್ನುಸ್ತೀನಿ."

ಆ 'ಕುಂಡ್ರುಸಿ' ಎಂಬುದರಲ್ಲೇ ಎಲ್ಲ ಇತ್ತು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು ಇಡ್ಲಿ ತಿಂದಿದ್ದೆನೇ ಹೊರತು, ಹೋಟೆಲಿನಲ್ಲಿ ಮೇಜಿನ ಮುಂದೆ ಕೂತು, ಯಾರೋ ತಂದುಕೊಟ್ಟದ್ದನ್ನು ತಿಂದವಳಲ್ಲ ನಾನು. ಅಂದಿನಿಂದ ಸೀಜನ್ ಮುಗಿಯುವವರೆಗೆ ನನಗೆ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕಡ್ಡಿಯ ಮೇಲೆ ಮತ್ತೆ ಒರಗಲಿಲ್ಲ.

ಕೊನೆಯ ಸಲದ ಸೊಪ್ಪನ್ನು ಬ್ಯಾರನ್ನಿನಿಂದ ಇಳಿಸಿದ ಮಾರನೆಯ ದಿನ ಶನಿವಾರ ಹೊರಟೆವು. ಅಪ್ಪ, ನಾನು, ಅಪ್ಪನ ತಾಯಿ ನಮ್ಮಜ್ಜಿ. ಅವ್ವ ಎಮ್ಮೆ ಈಯುವ ಹೊತ್ತೆಂದು ಉಳಿದಳು. ಅಜ್ಜಿಗೆ ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವುದನ್ನು ನೋಡುವ ಆಸೆ. ಶನಿವಾರ ರಾತ್ರಿ ಮಲಗಲು ಅಜ್ಜಿಯ ತಂಗಿಯ ಮಗಳ ಮನೆ ಇತ್ತು. ವಠಾರದಲ್ಲಿ ಒಂದೇ ಕೋಣೆ, ಅವರೇ ಐದು ಜನ. "ಮಲ್ಗಕ್ ಜಾಗ ಕೊಡ್ತಾಳೆ, ಅದೇ ದೊಡ್ಡದು. ಉಣ್ಣಕ್ ಕುಂತ್ರೆ ಅವ್ಳು ಉಪಾಸ ಬೀಳ್ತಾಳೆ" ಎಂದು ಅಜ್ಜಿ ಮೊದಲೇ ಅಪ್ಪಣೆ ಮಾಡಿಬಿಟ್ಟಿದ್ದಳು. ಹಾಗಾಗಿ ಎರಡು ದಿನದ ಹೊಟ್ಟೆಪಾಡು ಹೊರಗೇ ನಡೆಯಬೇಕಿತ್ತು. ಅವ್ವ ಶನಿವಾರಕ್ಕೆ ಮುದ್ದೆ, ಭಾನುವಾರಕ್ಕೆ ರಾಗಿ ರೊಟ್ಟಿ ಗಂಟು ಕಟ್ಟಿಕೊಟ್ಟಳು. ದೋಸೆಯೊಂದೇ ನಾವು ಕೊಳ್ಳಬೇಕಾಗಿದ್ದ ದೊಡ್ಡ ತಿಂಡಿ.

ಮುದ್ದೆ ಕಟ್ಟಿಕೊಂಡು ಹೋದರೆ ಸಾರು ಎಲ್ಲಿಂದ ಎಂದು ಈಗಿನವರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಎಲ್ಲಿಯ ಸಣ್ಣ ಹೋಟೆಲಿನಲ್ಲೂ ಆಗ ಒಂದು ಪದ್ಧತಿ ಇತ್ತು. ಸಂತೆಗೆ, ಕೋರ್ಟಿಗೆ, ಆಸ್ಪತ್ರೆಗೆ ಬಂದ ಹಳ್ಳಿಯವರು ಮನೆಯ ಮುದ್ದೆ ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತರೆ, ಹೋಟೆಲಿನವರು ತಟ್ಟೆ ಕೊಟ್ಟು ಸಾರು ಬಿಡುತ್ತಿದ್ದರು. ಸಾರಿಗಷ್ಟೇ ಕಾಸು. ಎರಡನೇ ಸಲ ಬಿಟ್ಟರೆ ಅದಕ್ಕೆ ಕಾಸಿಲ್ಲ. ಅದರಲ್ಲಿ ಬೇಡುವುದೂ ಇರಲಿಲ್ಲ, ದಾನವೂ ಇರಲಿಲ್ಲ. ಮೈಸೂರು ಇಷ್ಟು ಹತ್ತಿರ ಇದ್ದ ಮೇಲೆ ಅಲ್ಲಿಯೂ ಹಾಗೇ ಇರುತ್ತದೆ ಎಂದು ನಾವು ನಂಬಿದ್ದೆವು.

ಬಸ್ಸಿಳಿದು ಮಾರ್ಕೆಟ್ ಕಡೆ ನಡೆಯುವಾಗ ಅಪ್ಪ ನನಗೆ ಹೋಟೆಲ್ ಆರಿಸುವ ವಿದ್ಯೆ ಹೇಳಿಕೊಟ್ಟ.

"ಬೋರ್ಡ್ ನೋಡ್ಬ್ಯಾಡ ಮಗ. ಒಳ್ಗಿರೋರ ಕಾಲ್ ನೋಡು. ಹವಾಯಿ ಚಪ್ಲಿ ಇದ್ರೆ ನಮ್ಮಂತೋರ್ದು, ನುಗ್ಬೋದು. ಶೂಸೇ ಜಾಸ್ತಿ ಇದ್ರೆ ಮುಂದಕ್ ನಡಿ."

ಅಲ್ಲಿಂದ ಮುಂದೆ ನಾನು ಮೈಸೂರನ್ನು ನೋಡಿದ್ದೆಲ್ಲ ಮೊಣಕಾಲಿನಿಂದ ಕೆಳಗೆ. ಒಂದು ಹೋಟೆಲ್, ಶೂಸು. ಇನ್ನೊಂದು, ಬೆಲ್ಟಿನ ಚಪ್ಪಲಿ, ಅನುಮಾನ. ಮಲ್ಲಿಗೆ, ಕೊಳೆತ ಎಲೆಕೋಸು, ಹುರಿದ ಕಾಫಿಪುಡಿ, ಎಲ್ಲ ವಾಸನೆ ಒಟ್ಟಿಗೆ ಬರುತ್ತಿದ್ದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕೊನೆಗೆ ಒಂದು ಮೆಸ್ ಸಿಕ್ಕಿತು. ಎರಡೇ ಬೆಂಚು. ಮೂಟೆ ಹೊರುವವರು, ತರಕಾರಿಯವರು. ಕೆಲವರ ಕಾಲಿನಲ್ಲಿ ಹವಾಯಿ, ಕೆಲವರದು ಬರಿಗಾಲು.

"ಇಲ್ಲಿ ಬರೀ ಕಾಲೂ ಅವೆ ಕಣಪ್ಪ" ಎಂದೆ.

"ಅಂಗಿದ್ರೆ ಇನ್ನೂ ವಾಸಿ" ಎಂದ ಅಪ್ಪ.

ಒಲೆಯ ಮುಂದಿದ್ದ ಹೆಂಗಸು ನಮ್ಮ ಗಂಟು ನೋಡಿ, ಆಮೇಲೆ ಮೂವರ ಕೈ ನೋಡಿ ಕೇಳಿದಳು: "ಹೊಗೆಸೊಪ್ನೋರಾ? ಹುಣ್ಸೂರ್ ಕಡೆಯೋರಿರ್ಬೇಕು."

"ಹೂಂ ಕಣವ್ವ. ನಿಮ್ದೆಲ್ಲಿ?" ಎಂದಳು ಅಜ್ಜಿ.

"ನಮ್ದು ಮಿರ್ಲೆ. ಕೆ.ಆರ್.ನಗರದ ತಾವ. ಮುದ್ದೆ ಬಿಚ್ಚಿ, ಸಾರು ನಾನ್ ಬುಡ್ತೀನಿ."

ಅವರೆಕಾಳಿನ ಸಾರು. ಮೂರು ಸಲ ಬಿಟ್ಟಳು. ಎದ್ದಾಗ ನನ್ನ ಕಪ್ಪು ಬೆರಳು ಹಿಡಿದು ನೋಡಿ, "ಈ ವಯಸ್ಗೇ ಇಷ್ಟು ಕೆಲ್ಸವಾ ಕೂಸೇ" ಎಂದು ಕೈಗೆ ಒಂದು ಅಚ್ಚು ಬೆಲ್ಲ ಇಟ್ಟಳು. ಭಾನುವಾರ ಮೆಸ್ ಮುಚ್ಚಿರುತ್ತದೆ ಎಂದು ಎರಡು ಸಲ ಹೇಳಿದಳು, ತಾನೇ ತಪ್ಪು ಮಾಡುತ್ತಿರುವ ಹಾಗೆ.

ಮರುದಿನ ಮೃಗಾಲಯ ನೋಡಿದೆವು. ಆನೆ ನೋಡಲು ದುಡ್ಡು ಕೊಟ್ಟು ಮೈಸೂರಿಗೆ ಬರಬೇಕಾಯಿತಲ್ಲ ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು. ನಮ್ಮ ಹೊಲಕ್ಕೆ ಪುಕ್ಕಟೆಯಾಗಿಯೇ ಬರುತ್ತಿದ್ದವಲ್ಲ. ಮೂರು ಗಂಟೆಯ ಹೊತ್ತಿಗೆ ನಾನು, "ದೋಸೆ?" ಎಂದೆ. ಅಪ್ಪ ನಕ್ಕ.

ಆ ದಿನ ಅಪ್ಪ ತನ್ನ ವಿದ್ಯೆಯನ್ನು ತಾನೇ ಮುರಿದ. ಹವಾಯಿ ಚಪ್ಪಲಿ ಇದ್ದ ಜಾಗಗಳಲ್ಲಿ ಫ್ಯಾನ್ ಇರಲಿಲ್ಲ. ಫ್ಯಾನ್ ಇದ್ದ ಕಡೆ ಶೂಸು. ಮಾತು ಕೊಟ್ಟಿದ್ದು ಫ್ಯಾನಿನ ಕೆಳಗೆ. ನಾಲ್ಕಾರು ಹೋಟೆಲಿನ ಬಾಗಿಲಲ್ಲಿ ಅಪ್ಪ ನನ್ನಿಂದ ಬೆಲೆಯ ಬೋರ್ಡು ಓದಿಸಿಕೊಂಡ. ಐದನೆಯದೋ ಆರನೆಯದೋ ಒಂದರಲ್ಲಿ ದೋಸೆ ತೀರಾ ದುಬಾರಿಯಲ್ಲ ಎನಿಸಿ ಒಳಗೆ ಹೋದೆವು. ಹೆಸರು ನೆನಪಿದೆ, ಬರೆಯುವುದಿಲ್ಲ. ಗಾಜಿನ ಬಾಗಿಲು, ಹಸಿರು ಮೇಜು, ತಲೆಯ ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು. ಅಪ್ಪ ನನ್ನನ್ನು ಸರಿಯಾಗಿ ಅದರ ಕೆಳಗೇ ಕೂರಿಸಿದ. ಅಜ್ಜಿ ಸೆರಗು ಸರಿಮಾಡಿಕೊಂಡು, ಮದುವೆಮನೆಯಲ್ಲಿ ಕೂತಂತೆ ಕೂತಳು.

ಬಿಳಿ ಶರ್ಟಿನ ಸೂಪರ್‌ವೈಸರ್ ಬಂದ. ಏನು ಬೇಕು ಎಂದು ಕೇಳಲಿಲ್ಲ. ಮೇಜಿನ ಮೇಲಿದ್ದ ಅಪ್ಪನ ಕೈ ನೋಡಿದ.

"ಕೈ ತೊಳ್ಕೊಂಡು ಬರಬೇಕಲ್ವೇನ್ರೀ?"

ಅಪ್ಪ ಎದ್ದು ಹೋಗಿ ತೊಳೆದು ಬಂದ. ನಮ್ಮನ್ನೂ ಕಳಿಸಿದ. ಸೂಪರ್‌ವೈಸರ್ ಅಲ್ಲೇ ನಿಂತಿದ್ದ.

"ಸೋಪು ಇದೆ ಅಲ್ಲಿ. ಸೋಪ್ ಹಾಕಿ ತೊಳೀರಿ."

ಅಪ್ಪ ಮತ್ತೆ ಹೋದ. ಬೇಸಿನ್ನಿನ ಮುಂದೆ ಬಗ್ಗಿ, ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಯೆಲ್ಲ ಉಜ್ಜಿ ತೊಳೆಯುತ್ತಿದ್ದುದು ನನಗೆ ಕೂತಲ್ಲಿಂದ ಕಾಣುತ್ತಿತ್ತು. ಕಪ್ಪು ಬಿಟ್ಟುಕೊಡಲಿಲ್ಲ. ವಾಪಸು ಬಂದು ಎರಡೂ ಕೈ ಮುಂದೆ ಚಾಚಿ ತೋರಿಸಿದ, ಸ್ಕೂಲಿನಲ್ಲಿ ಮೇಷ್ಟರ ಬೆತ್ತಕ್ಕೆ ಚಾಚುತ್ತೇವಲ್ಲ ಹಾಗೆ.

"ಇದು ಕೊಳೆ ಅಲ್ಲ ಸಾ. ಹೊಗೆಸೊಪ್ಪಿನ ಅಂಟು. ಹೋಗಾಕಿಲ್ಲ ಇದು."

"ಅದೇನೋ ನನಗೆ ಗೊತ್ತಿಲ್ಲ. ಇನ್ನೊಂದ್ಸಲ ಟ್ರೈ ಮಾಡಿ. ಇಲ್ಲಿ ಫ್ಯಾಮಿಲಿ ಬರ್ತಾರೆ."

ಫ್ಯಾಮಿಲಿ ಬರುತ್ತಾರಂತೆ. ಹಾಗಾದರೆ ನಾವು ಮೂವರು ಏನು? ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಪ್ಪ ಮೂರನೇ ಸಲ ತೊಳೆಯಲು ಹೋದ. ಯಾಕೆ ಹೋದೆ ಎಂದು ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ. ಪಕ್ಕದ ಮೇಜಿನ ದಂಪತಿ ತಮ್ಮ ತಟ್ಟೆಗಳನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು. ಬೇಕೆಂದು ಮಾಡಿದ್ದಲ್ಲವೇನೋ, ಆದರೆ ಎಳೆದುಕೊಂಡರು.

ಸೂಪರ್‌ವೈಸರನ ಶರ್ಟಿನ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಇಣುಕುತ್ತಿತ್ತು. ಅಜ್ಜಿ ಅದಕ್ಕೆ ಬೆರಳು ತೋರಿಸಿ ಕೇಳಿದಳು:

"ನಿನ್ ಜೋಬಲ್ಲಿರೋದು ಯಾರ್ ಕೈ ಮುಟ್ಟಿರೋ ಸೊಪ್ಪು ಅಂದ್ಕೊಂಡಿದ್ದೀಯಪ್ಪ? ಅದ ಬಾಯಿಗ್ ಇಕ್ಕೊಂಡು ಹೀರ್ತೀಯ. ಕೈ ಮಾತ್ರ ಆಗಾಕಿಲ್ವಾ ನಿಂಗೆ?"

ಅವನ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ. "ಜಗಳ ಬೇಡ ಅಜ್ಜಿ. ಪಾರ್ಸೆಲ್ ಕೊಡ್ತೀನಿ, ಆಚೆ ತಗೊಂಡು ಹೋಗಿ ತಿನ್ನಿ" ಎಂದ.

ಅಷ್ಟರಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಅಜ್ಜಿ ಎದ್ದು ನಿಂತಿದ್ದಳು. "ನಡೀರವ್ವ, ಹೋಗನ" ಎಂದು ಅಪ್ಪ ಗಂಟು ಎತ್ತಿಕೊಂಡ. ಇಲ್ಲಿಗೆ ಈ ಕತೆ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಸೂಪರ್‌ವೈಸರನನ್ನು ನಾಲ್ಕು ಬೈದು ಮರೆತುಬಿಡಬಹುದಿತ್ತು.

ನಾನು ಏಳಲಿಲ್ಲ. ಎರಡೂ ಕೈಗಳನ್ನು ಲಂಗದ ಕೆಳಗೆ ಅಡಗಿಸಿಕೊಂಡು, ಟಿವಿಯಲ್ಲಿ ಕೇಳಿದ ದನಿಯಲ್ಲಿ ಹೇಳಿದೆ:

"ನಾನು ಸ್ಪೂನಲ್ಲಿ ತಿಂತೀನಿ ಅಂಕಲ್. ಕೈ ಮುಟ್ಟಿಸಲ್ಲ."

ಅಪ್ಪ ನನ್ನ ಕಡೆ ತಿರುಗಿದ. ಬೈಯಬಹುದಿತ್ತು, ರಟ್ಟೆ ಹಿಡಿದು ಎಬ್ಬಿಸಬಹುದಿತ್ತು. ಅಪ್ಪ ಒಂದು ಕ್ಷಣ ನೋಡಿದ, ಅಷ್ಟೇ. ಆಮೇಲೆ ಸೂಪರ್‌ವೈಸರನಿಗೆ, "ಮಗೀಗೊಂದು ಮಸಾಲೆ ಕೊಡಿ ಸಾ. ದುಡ್ಡು ಮೊದ್ಲೇ ಕೊಟ್ಬುಡ್ತೀನಿ. ನಾವ್ ಆಚೆ ಇರ್ತೀವಿ" ಎಂದ. ನನಗೆ, "ಕುಂತ್ಕೊಂಡ್ ತಿನ್ನು ಮಗ, ಅವಸ್ರ ಮಾಡ್ಬ್ಯಾಡ" ಎಂದ.

ಅಜ್ಜಿ ಆಗಲೇ ಬಾಗಿಲಿನ ಕಡೆ ನಡೆದಿದ್ದಳು.

ದೋಸೆ ಬಂತು. ಚಮಚದಲ್ಲಿ ದೋಸೆ ತಿನ್ನುವುದು ಗೊತ್ತಿಲ್ಲದೆ ಅದನ್ನು ತಟ್ಟೆ ತುಂಬ ಓಡಾಡಿಸಿದೆ. ಗಾಜಿನಾಚೆ ಫುಟ್‌ಪಾತಿನ ಮೇಲೆ ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನು ಹಾಗೆ ನಿಲ್ಲುವವನಲ್ಲ. ನಾನು ನೋಡಿದಾಗಲೆಲ್ಲ ತಲೆಯಾಡಿಸಿ, ತಿನ್ನು ಎಂದು ಸನ್ನೆ ಮಾಡುತ್ತಿದ್ದ. ಅಜ್ಜಿ ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು, ಆಗೀಗ ಒಮ್ಮೆ ಹೊರಳಿ ನೋಡುತ್ತಿದ್ದಳು. ದೋಸೆಯ ಮೊದಲ ಚೂರು ಬಾಯಿಗಿಟ್ಟೆ. ಮೂರು ತಿಂಗಳ ಮೇಲೆ ಮೊದಲ ಸಲ ಕಹಿಯಿಲ್ಲದ ತುತ್ತು. ತುಪ್ಪದ ಘಮ, ಒಳಗಿನ ಕೆಂಪು ಚಟ್ನಿಯ ಖಾರ, ಆಲೂಗಡ್ಡೆ ಪಲ್ಯದಲ್ಲಿ ಅಲ್ಲಲ್ಲಿ ಸಿಗುವ ಕಡಲೆಬೇಳೆ, ಒಂದೊಂದೂ ಬೇರೆಬೇರೆಯಾಗಿ ನಾಲಿಗೆಗೆ ಸಿಕ್ಕಿತು. ಅಷ್ಟು ರುಚಿಯಾದದ್ದನ್ನು ನಾನು ಅಲ್ಲಿಯವರೆಗೆ ತಿಂದಿರಲಿಲ್ಲ. ಗಂಟಲಲ್ಲಿ ಇಳಿಯಲಿಲ್ಲ, ಕಣ್ಣೀರು ಬಂತು ಎಂದೆಲ್ಲ ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬರುತ್ತದೆ, ಆದರೆ ಅದು ಸುಳ್ಳು. ನಾನು ಪೂರ್ತಿ ತಿಂದೆ. ಕೊನೆಯಲ್ಲಿ ಚಮಚದಿಂದ ತಟ್ಟೆ ಕೆರೆದೆ.

ಹೊರಗೆ ಬಂದಾಗ ಅಪ್ಪ ಕೇಳಿದ: "ಚೆನ್ನಾಗಿತ್ತಾ?"

"ಇಲ್ಲ, ಏನೂ ಚೆನ್ನಾಗಿರ್ಲಿಲ್ಲ" ಎಂದೆ. ಸಮಾಧಾನವಾಗಲಿ ಎಂದು ಹೇಳಿದ್ದು.

"ತಟ್ಟೆ ಕೆರ್ದಿದ್ದ ನಾನ್ ನೋಡ್ನಿಲ್ವಾ" ಎಂದಳು ಅಜ್ಜಿ, ಬೀದಿಯ ಕಡೆಯಿಂದ ಮುಖ ತಿರುಗಿಸದೆ.

ಅವರಿಬ್ಬರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅರಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಒಣಗಿದ ರಾಗಿ ರೊಟ್ಟಿಯನ್ನು ಗಾಡಿಯವನ ಹತ್ತಿರ ಕೊಂಡ ಸೌತೆಕಾಯಿ ಕಚ್ಚಿಕೊಂಡು ತಿಂದರು. ನನಗೂ ಒಂದು ತುಂಡು ಕೊಟ್ಟರು. ಕೈಯಲ್ಲಿ ಹಿಡಿದು ತಿಂದೆ, ಕಹಿಯಾಗಿತ್ತು. ಏಳು ಗಂಟೆಗೆ ದೀಪ ಹತ್ತಿದವು. ಸುತ್ತಲಿನವರೆಲ್ಲ ಹೋ ಎಂದರು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗವೆ. ಬಸ್ ಹೊತ್ತಾಯ್ತು, ನಡೀರಿ" ಎಂದಳು. ಮರುದಿನ ಅವ್ವ ದೋಸೆಯ ಬಗ್ಗೆ ಕೇಳಿದಾಗ ಅಪ್ಪ, "ಫ್ಯಾನ್ ಕೆಳ್ಗೇ ಕುಂಡ್ರುಸಿದ್ದೆ ಕಣೆ" ಎಂದ. ಅದು ನಿಜವೂ ಆಗಿತ್ತು.

ಆಮೇಲೆ ಗೆಳತಿಯರು ಕರೆದರೂ ನಾನು ಬ್ಯಾರನ್ ಗೋಡೆಗೆ ಅಂಗೈ ಒತ್ತುವ ಆಟಕ್ಕೆ ಹೋಗಲಿಲ್ಲ.

ಈಗ ಅಜ್ಜಿ ಇಲ್ಲ. ಬ್ಯಾರನ್ ಬಿದ್ದುಹೋಗಿದೆ. ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದೇವೆ. ನಾನು ಪಿರಿಯಾಪಟ್ಟಣದಲ್ಲಿ ಹೈಸ್ಕೂಲು ಟೀಚರು. ಮಾರ್ಕೆಟ್ ಹಿಂದಿನ ಆ ಗಲ್ಲಿಗೆ ಒಮ್ಮೆ ಹುಡುಕಿಕೊಂಡು ಹೋಗಿದ್ದೆ. ಮಿರ್ಲೆಯ ಆ ಹೆಂಗಸಿನ ಮೆಸ್ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಹುಣಸೂರಿನ ಹೋಟೆಲುಗಳಲ್ಲಿ ಗಂಟು ಬಿಚ್ಚಿ ಕೂತರೆ ಸಾರು ಬಿಡುವವರು ಈಗ ಯಾರೂ ಇಲ್ಲ. ಗಂಟು ಕಟ್ಟಿಕೊಂಡು ಬರುವವರೂ ಇಲ್ಲ. ಪುಕ್ಕಟೆಯ ಎರಡನೇ ಸಾರು ಅಂಥಾ ದೊಡ್ಡ ಸಂಗತಿಯೇ ಎಂದು ಕೇಳಿದರೆ, ಹೌದು, ದೊಡ್ಡದೇ. ದೂರದಿಂದ ಬಂದವನ ಹೊಟ್ಟೆ ನಮ್ಮ ಹೊಟ್ಟೆಯಂಥದ್ದೇ ಎಂದು ಒಪ್ಪಿಕೊಂಡವರು ಮಾತ್ರ ಹಾಗೆ ಬಡಿಸುತ್ತಾರೆ.

ಇನ್ನು ನಮ್ಮೂರಿನ ರಸ್ತೆಯನ್ನು ಶನಿವಾರ, ಭಾನುವಾರ ದಾಟುವುದೇ ಕಷ್ಟ. ಕಾಡು ನೋಡಲು ಬರುವ ಕಾರುಗಳು. ಊರಾಚೆ ಹುಲ್ಲು ಹೊದಿಸಿದ ಒಂದು ಹೋಟೆಲ್ ಎದ್ದಿದೆ. ಬಾಗಿಲಲ್ಲಿ ಗಾಡಿಚಕ್ರ, ಬಡಿಸುವವರ ಹೆಗಲ ಮೇಲೆ ಅಪ್ಪ ಹಾಕುತ್ತಿದ್ದಂಥ ಟವೆಲು. ಅಲ್ಲಿ ಒಂದು ಮುದ್ದೆಗೆ ಕೇಳುವ ದುಡ್ಡಿಗೆ ನಾವು ಅಂದು ಮೂವರೂ ಫ್ಯಾನಿನ ಕೆಳಗೆ ಹೊಟ್ಟೆ ತುಂಬ ದೋಸೆ ತಿನ್ನಬಹುದಿತ್ತು. ಶೂಸು ಹಾಕಿಕೊಂಡವರು ಕೂತು, ಮುದ್ದೆಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕೈಯಲ್ಲೇ ತಿನ್ನಬೇಕು, ಆಗಲೇ ರುಚಿ ಎಂದು ಬಡಿಸುವವರು ಹೇಳಿಕೊಡುತ್ತಾರೆ. ಗೋಡೆಯ ಮೇಲೆ ಹೊರಗಿನ ಆಹಾರ ತರುವಂತಿಲ್ಲ ಎಂಬ ಬೋರ್ಡು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಹೋದ ತಿಂಗಳು ನನ್ನ ಮಗಳು ಹಟ ಮಾಡಿದಳೆಂದು, ಅವಳನ್ನೂ ಅಪ್ಪನನ್ನೂ ಕರೆದುಕೊಂಡು ಅಲ್ಲಿಗೇ ಹೋದೆ. ನಾನು ಬಾಗಿಲಲ್ಲಿ ಅಭ್ಯಾಸಬಲದಿಂದ ಒಳಗಿನವರ ಕಾಲು ನೋಡುತ್ತ ನಿಂತಿದ್ದೆ. ಅಪ್ಪ ಪಕ್ಕದಲ್ಲಿರಲಿಲ್ಲ. ಎಲ್ಲಿ ಎಂದು ತಿರುಗಿದರೆ ಬೇಸಿನ್ನಿನ ಮುಂದೆ ಬಗ್ಗಿ ನಿಂತು ಕೈ ತೊಳೆಯುತ್ತಿದ್ದ. ಸೋಪು ಹಚ್ಚಿ, ತೊಳೆದು, ಮತ್ತೆ ಹಚ್ಚಿ ತೊಳೆದ. ನಾನು ಎಣಿಸಿದೆ, ಮೂರು ಸಲ. ಇದು ಹೊಸದಲ್ಲ. ಯಾವ ಹೋಟೆಲಿಗೆ ಕರೆದುಕೊಂಡು ಹೋದರೂ ಅವನು ಮಾಡುವುದು ಹೀಗೇ.

ಆಮೇಲೆ ಎಂದಿನ ಹಾಗೆ ನನ್ನ ಹತ್ತಿರ ಬಂದು ಎರಡೂ ಕೈ ಮುಂದೆ ಚಾಚಿದ. ಅವನು ಹೊಗೆಸೊಪ್ಪು ಬಿಟ್ಟು ಏಳು ವರ್ಷವಾಯಿತು. ಕೈಯಲ್ಲಿ ಒಂದು ಚುಕ್ಕೆ ಕಪ್ಪಿಲ್ಲ, ಒದ್ದೆಯಾಗಿ ಸುಕ್ಕುಗಟ್ಟಿ ಬಿಳಿಚಿಕೊಂಡಿವೆ. ಇಷ್ಟು ವರ್ಷ, ಆ ಸೂಪರ್‌ವೈಸರನ ಹೆದರಿಕೆ ಇವನಿಗಿನ್ನೂ ಹೋಗಿಲ್ಲ ಎಂದೇ ತಿಳಿದು ಆ ಬಿಳಿ ಶರ್ಟಿನವನಿಗೆ ಶಾಪ ಹಾಕುತ್ತಿದ್ದೆ. ಅಂದು ಮಾತ್ರ ಹೊಳೆಯಿತು. ಬಡಿಸುವವರು ಅಲ್ಲೇ ಇದ್ದರು, ಗಲ್ಲಾದಲ್ಲಿ ಕೂತವನೂ ಇದ್ದ. ಅಪ್ಪ ಅವರಲ್ಲಿ ಯಾರಿಗೂ ಕೈ ತೋರಿಸಲಿಲ್ಲ.

"ನೋಡು ಮಗ" ಎಂದ ನನಗೆ. "ಆಯ್ತಾ? ಕುಂತ್ಕೊಬೋದಾ ನಿನ್ ಜೊತೇಲಿ?"